ದುರ್ಯೋಧನನ ಚಮಕಿ

ಹಾಸನದ ಒಂದು ಫೋಟೋ ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಮಾಡುವುದು ನನ್ನ ಕೆಲಸ. ಹನ್ನೊಂದು ವರ್ಷವಾಯಿತು. ಆಲ್ಬಂ ಕೆಲಸ ಅಂದರೆ ಹೂವಿನ ಬಾರ್ಡರ್ ಹಾಕುವುದು, ಗಂಡು ಹೆಣ್ಣಿನ ಹೆಸರು ಬರೆಯುವುದು ಅಂತ ಜನ ತಿಳಿದಿರುತ್ತಾರೆ. ಅದು ಕಾಲು ಭಾಗ ಅಷ್ಟೇ. ಮುಕ್ಕಾಲು ಭಾಗ ಮುಖ ಬೆಳ್ಳಗೆ ಮಾಡುವ ಕೆಲಸ. ಫೋಟೋಶಾಪಿನಲ್ಲಿ ಕರ್ವ್ಸ್ ಅಂತ ಒಂದು ಗೆರೆ ಇದೆ. ಅದರ ನಡುವನ್ನು ಹಿಡಿದು ಒಂಚೂರು ಮೇಲಕ್ಕೆ ಎಳೆದರೆ ಸಾಕು, ದುದ್ದ ಹೋಬಳಿಯ ಮದುಮಗ ದಿಲ್ಲಿಯವನಾಗುತ್ತಾನೆ. ಕತ್ತು ಮರೆತರೆ ಮುಖ ಒಂದು ಬಣ್ಣ, ಕತ್ತು ಇನ್ನೊಂದು ಬಣ್ಣ. ಕೈ ಮರೆತರೆ ಧಾರೆಯ ಫೋಟೋದಲ್ಲಿ ಸಿಕ್ಕಿಬೀಳುತ್ತೇವೆ. ಒಂದು ಸಲ ಮದುಮಗನ ಅಜ್ಜಿಯೇ ಆಲ್ಬಂ ನೋಡಿ "ಇದ್ಯಾರಪ್ಪ?" ಅಂತ ಕೇಳಿದ್ದರು.

ನಾನು ಕಪ್ಪಗಿದ್ದೇನೆ. ಅಮ್ಮ "ಎಣ್ಣೆಗೆಂಪು" ಅನ್ನುತ್ತಾಳೆ. ಅದು ಅಮ್ಮನ ಪ್ರೀತಿ, ಬಣ್ಣವಲ್ಲ. ಜೊತೆಗೆ ನಾನು ಗೇ. ಇದನ್ನು ಬಾಯಿಬಿಟ್ಟು ಹೇಳಿದ್ದು ಮೂರು ಜನಕ್ಕೆ. ಹೇಳದೆ ತಿಳಿದುಕೊಂಡವರು ಅದಕ್ಕಿಂತ ಜಾಸ್ತಿ ಇರಬಹುದು. ಸ್ಕೂಲಲ್ಲಿ ಮೊದಲು "ಕರಿಯ" ಅಂತಿದ್ದರು. ಏಳನೇ ಕ್ಲಾಸಿನಿಂದ "ಒಂಬತ್ತು" ಶುರುವಾಯಿತು. ಎರಡರಲ್ಲಿ ಯಾವುದು ಜಾಸ್ತಿ ನೋಯುತ್ತಿತ್ತು ಅಂದರೆ ಹೇಳಲು ಬರುವುದಿಲ್ಲ. ಒಂದೇ ಬಾಯಿಂದ ಎರಡೂ ಬರುತ್ತಿದ್ದವಲ್ಲ.

ಇಂಥ ನಾನು ನನ್ನದೇ ಒಂದು ಚಿತ್ರ ಮಾಡಿಕೊಂಡೆ. 4 ಅಡಿ ಎತ್ತರ, 3 ಅಡಿ ಅಗಲದ ಪ್ಲೈವುಡ್. ಅದರ ಮೇಲೆ ಅಕ್ರಿಲಿಕ್ ಬಣ್ಣ, ಬಾಲ್‌ಪೆನ್ನು, ಫೋಟೋ, ವೆಲ್ವೆಟ್ಟು, ಚಮಕಿ. ಇಂಥದ್ದಕ್ಕೆ ಮಿಕ್ಸೆಡ್ ಮೀಡಿಯಾ ಅಂತಾರೆ. ಶುರು ಮಾಡಿದ್ದು ಜೂನ್‌ನಲ್ಲಿ, ಮುಗಿದದ್ದು ಜನವರಿಯಲ್ಲಿ.

ಹುಚ್ಚು ಹಿಡಿಸಿದ್ದು ಫೋನಿನಲ್ಲಿ ನೋಡಿದ ಒಂದು ಚಿತ್ರ. ಅಮೆರಿಕದ ಡೆವನ್ ಶಿಮೊಯಾಮ ಅವರದ್ದು. 1989ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಕಪ್ಪು ಕಲಾವಿದ, ಕ್ವಿಯರ್. 2018ರಲ್ಲಿ ಪಿಟ್ಸ್‌ಬರ್ಗಿನ ಆ್ಯಂಡಿ ವಾರ್ಹಾಲ್ ಮ್ಯೂಸಿಯಂನಲ್ಲಿ ಅವರ ದೊಡ್ಡ ಪ್ರದರ್ಶನ ನಡೆದಿತ್ತು. ಕಟಿಂಗ್ ಶಾಪಿನಲ್ಲಿ ಕೂತ ಹುಡುಗರನ್ನು ಬರೆಯುತ್ತಾರೆ. ಮೈಯೆಲ್ಲ ಗ್ಲಿಟರ್. ಕಣ್ಣಿನ ಜಾಗದಲ್ಲಿ ಹರಳು, ಕೆನ್ನೆ ಮೇಲೆ ಹರಳಿನ ಕಣ್ಣೀರು. ಕಪ್ಪು ಗಂಡಸರಿಗೆ ಕಟಿಂಗ್ ಶಾಪು ಅಂದರೆ ಗಂಡಸುತನದ ಅಡ್ಡಾ. ಅಲ್ಲಿ ಕೂತು ಅಳುವ ಹುಡುಗ! ನನಗೆ ನಮ್ಮೂರಿನ ಕಟಿಂಗ್ ಶಾಪಿನ ಬೆಂಚು ನೆನಪಾಯಿತು. ಅಲ್ಲಿ ಪೇಪರ್ ಓದುತ್ತಾ ಕೂತವರೆಲ್ಲ ನನ್ನ ಮೀಸೆ ಯಾವಾಗ ಬರುತ್ತೆ ಅಂತ ವಿಚಾರಿಸಿಕೊಳ್ಳುತ್ತಿದ್ದರು. ಊರ ಕೆರೆ ಯಾವಾಗ ತುಂಬುತ್ತೆ ಅಂತ ಕೇಳಿದ ಹಾಗೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅವರ ಕಪ್ಪು ಬೇರೆ, ನನ್ನ ಕಪ್ಪು ಬೇರೆ. ಅವರ ಕಪ್ಪಿನ ಹಿಂದೆ ಗುಲಾಮಗಿರಿ ಇದೆ, ಬಂದೂಕು ಇದೆ. 2012ರಲ್ಲಿ ಟ್ರೇವಾನ್ ಮಾರ್ಟಿನ್ ಅನ್ನುವ ಹದಿನೇಳರ ಹುಡುಗನನ್ನು ಗುಂಡಿಟ್ಟು ಕೊಂದಾಗ ಅವನು ಹಾಕಿದ್ದು ಟೋಪಿ ಇರುವ ಸ್ವೆಟರ್. ಶಿಮೊಯಾಮ ಅಂಥ ಸ್ವೆಟರುಗಳಿಗೆ ತುಂಬ ರೇಷ್ಮೆ ಹೂವು ಹೊಲಿದು ತೂಗುಹಾಕಿದ್ದಾರೆ. ಆ ದುಃಖವನ್ನು ನಾನು ಹಾಸನಕ್ಕೆ ಎರವಲು ತರಲಾರೆ. ನನ್ನ ಕಪ್ಪಿನ ಹಿಂದೆ ಇರುವುದು ಜಾತಿಯ ಲೆಕ್ಕ, ಬಿಸಿಲಿನ ಕೂಲಿ, ಹೆಣ್ಣು ನೋಡುವ ಶಾಸ್ತ್ರ. ಅವರಿಂದ ನಾನು ತರಬಹುದಾದದ್ದು ಅಂಟಿಸುವ ಧೈರ್ಯ ಮಾತ್ರ.

ಮೊದಲು ಒಂದು ಫೋಟೋ ಬೇಕಿತ್ತು. ತೆಗೆದದ್ದು ಅವನು. ಅವನು ಅಂದರೆ, ಬೆಂಗಳೂರಿನಿಂದ ಶನಿವಾರ ರೈಲಿಗೆ ಬಂದು ಭಾನುವಾರ ಸಂಜೆ ಹೋಗುವವನು. ಸ್ಟುಡಿಯೋದಿಂದ ಲೈಟು ತರುತ್ತೇನೆ ಅಂದೆ. "ಬೇಡ, ಕಿಟಕಿ ಸಾಕು" ಅಂದ. ಸುಣ್ಣ ಹೊಡೆದ ಬಿಳಿ ಗೋಡೆಗೆ ಒರಗಿ ಕೂತೆ. ಮೊದಲ ಹತ್ತು ಫೋಟೋದಲ್ಲಿ ನನ್ನ ಮುಖವೇ ಇಲ್ಲ, ಎರಡು ಕಣ್ಣು ಮಾತ್ರ. ತಪ್ಪು ಅವನದ್ದಲ್ಲ. ಕ್ಯಾಮೆರಾದ ಮೀಟರ್ ಕಣ್ಣಿಗೆ ಬಿದ್ದದ್ದನ್ನೆಲ್ಲ ಸೇರಿಸಿ ಒಂದು ನಡು ಬೂದು ಬಣ್ಣಕ್ಕೆ ತರಲು ನೋಡುತ್ತೆ. ಗೋಡೆ ಬೆಳ್ಳಗಿದ್ದರೆ ಅದನ್ನು ತಗ್ಗಿಸುತ್ತೆ, ಜೊತೆಗೆ ನನ್ನನ್ನೂ ತಗ್ಗಿಸುತ್ತೆ. ಫಿಲ್ಮಿನ ಕಾಲದಲ್ಲಿ ಇನ್ನೊಂದು ಕಥೆ ಇತ್ತು. ಕೊಡ್ಯಾಕ್ ಕಂಪನಿ ಲ್ಯಾಬುಗಳಿಗೆ ಬಣ್ಣ ಸರಿ ಮಾಡಿಕೊಳ್ಳಲು ಒಂದು ಕಾರ್ಡು ಕಳಿಸುತ್ತಿತ್ತು, ಶರ್ಲಿ ಕಾರ್ಡ್ ಅಂತ. ಅದರಲ್ಲಿ ಒಬ್ಬ ಬಿಳಿ ಹೆಂಗಸಿನ ಫೋಟೋ. ಅವಳ ಮೈಬಣ್ಣ ಸರಿ ಬಂದರೆ ಎಲ್ಲ ಸರಿ. ಕಪ್ಪು ಜನ ಫೋಟೋದಲ್ಲಿ ಮಸಿಯಾಗುತ್ತಿದ್ದರು. ಫಿಲ್ಮ್ ಸುಧಾರಿಸಲು ಕಾರಣವಾದದ್ದರಲ್ಲಿ ಚಾಕೊಲೇಟ್ ಕಂಪನಿಯವರ, ಮರದ ಪೀಠೋಪಕರಣದವರ ದೂರು ಕೂಡ ಇತ್ತಂತೆ, ತಮ್ಮ ಮಾಲಿನ ಕಂದು ಬಣ್ಣ ಸರಿಯಾಗಿ ಬರುತ್ತಿಲ್ಲ ಅಂತ. ಮನುಷ್ಯರಿಗಿಂತ ಮೇಜಿಗೆ ಮರ್ಯಾದೆ ಜಾಸ್ತಿ.

ಕೊನೆಗೆ ಗೋಡೆಗೆ ಅಮ್ಮನ ಹಳೇ ಕಂಬಳಿ ನೇತುಹಾಕಿದೆವು. ಆಗ ಮುಖ ಬಂತು.

ನಮ್ಮಿಬ್ಬರನ್ನೂ ಚಿತ್ರದಲ್ಲಿ ಹಾಕಬೇಕು ಅಂತ ನನಗೆ ಆಸೆ ಇತ್ತು. ಅವನು ಸ್ವಲ್ಪ ಹೊತ್ತು ಸುಮ್ನಿದ್ದು "ಮುಖ ಬೇಡ, ಕೈ ಹಾಕು" ಅಂದ. ಅವನ ಮನೆಯಲ್ಲಿ ಹೆಣ್ಣು ಹುಡುಕುತ್ತಿದ್ದರು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ಗಂಡು ಗಂಡಿನ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್‌ನ ಹಲ್ಲು ಕಿತ್ತಾಗ ನಾನು ಸ್ಟುಡಿಯೋದಲ್ಲಿ ಒಬ್ಬ ಮದುಮಗನ ಕಿವಿ ಬೆಳ್ಳಗೆ ಮಾಡುತ್ತಿದ್ದೆ. ಟೀವಿಯಲ್ಲಿ ಕಾಮನಬಿಲ್ಲಿನ ಬಾವುಟ ಹಾರುತ್ತಿತ್ತು. ಓನರ್ ಚಾನೆಲ್ ಬದಲಾಯಿಸಿದರು. ಕಾನೂನು ಬದಲಾದಷ್ಟು ಬೇಗ ಅವನ ಅಮ್ಮ ಬದಲಾಗಲ್ಲ, ಅಲ್ವಾ? ಆಯ್ತು, ಕೈ ಅಂದೆ.

ಇನ್ನು ಮೈಬಣ್ಣದ ಪಾಡು. ಬಿ.ಎಂ. ರಸ್ತೆಯ ಅಂಗಡಿಯಲ್ಲಿ ಸಿಕ್ಕಿದ ಟ್ಯೂಬುಗಳಲ್ಲಿ ಒಂದರ ಮೇಲೆ "ಸ್ಕಿನ್" ಅಂತ ಬರೆದಿತ್ತು. ತಿಳಿ ಗುಲಾಬಿ. ಯಾರ ಸ್ಕಿನ್ನೋ. ಬರ್ನ್ಟ್ ಅಂಬರ್ ಅನ್ನುವ ಗಾಢ ಕಂದು ಬಣ್ಣ ತಂದೆ, ಬೆಳಕು ಬಿದ್ದ ಕಡೆ ಅದಕ್ಕೆ ಬಿಳಿ ಸೇರಿಸಿದೆ. ಎಲ್ಲರೂ ಮೊದಲು ಮಾಡುವ ತಪ್ಪು ಇದೇ. ಕಪ್ಪು ಮೈಗೆ ಬಿಳಿ ಸೇರಿಸಿದರೆ ಬೆಳಕು ಬರಲ್ಲ, ಬೂದಿ ಬರುತ್ತೆ. ಒಂದು ವಾರ ಕೂತು ಬರೆದ ಮುಖ, ವಿಭೂತಿ ಬಳಿದುಕೊಂಡು ಜ್ವರ ಬಂದವನ ಹಾಗೆ ಕಾಣುತ್ತಿತ್ತು.

ಆಮೇಲೆ ಬುದ್ಧಿವಂತಿಕೆ ಮಾಡಿದೆ. ಕಾಫಿ ಡಿಕಾಕ್ಷನ್! ನಮ್ಮ ಸೀಮೆಯದ್ದೇ ಬಣ್ಣ. ಗಟ್ಟಿಯಾಗಿ ಇಳಿಸಿ ಬ್ರಷ್‌ನಲ್ಲಿ ಬಳಿದೆ. ಒದ್ದೆ ಇದ್ದಾಗ ಏನು ಚೆಂದ ಅಂತೀರಿ. ಒಣಗಿದ ಮೇಲೆ ಟೀ ಕಲೆ. ಮೇಲೆ ಮೇಲೆ ಎಂಟು ಸಲ ಬಳಿದೆ. ಜುಲೈ ಮಳೆ ಹಿಡಿಯಿತು. ಒಂದು ಸೋಮವಾರ ನೋಡುತ್ತೇನೆ, ನನ್ನ ಬಲಗೆನ್ನೆಗೆ ಬೂಷ್ಟು ಬಂದಿದೆ. ಹಲಗೆಯನ್ನೇ ಉಜ್ಜುಕಾಗದದಲ್ಲಿ ಉಜ್ಜಿ ಮತ್ತೆ ಪ್ರೈಮರ್ ಹೊಡೆದೆ.

ದಾರಿ ತೋರಿಸಿದ್ದು ಇಬ್ಬರು ಕಲಾವಿದರು, ಒಂದು ಕಲ್ಲು. ಮೊದಲನೆಯವರು ಕೆರ್ರಿ ಜೇಮ್ಸ್ ಮಾರ್ಷಲ್. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ 1955ರಲ್ಲಿ ಹುಟ್ಟಿದವರು. ಅವರ ಚಿತ್ರದ ಜನ ಕಂದು ಅಲ್ಲ, ಕಪ್ಪು. ಸಂಕೋಚವೇ ಇಲ್ಲದ ಕಪ್ಪು. ಆದರೆ ಒಂದೇ ಕಪ್ಪಲ್ಲ. ಐವರಿ ಬ್ಲ್ಯಾಕ್, ಕಾರ್ಬನ್ ಬ್ಲ್ಯಾಕ್, ಮಾರ್ಸ್ ಬ್ಲ್ಯಾಕ್ ಅಂತ ಬೇರೆ ಬೇರೆ ಕಪ್ಪು ಇಟ್ಟುಕೊಂಡು, ಅವಕ್ಕೆ ನೀಲಿ, ಹಸಿರು, ನೇರಳೆ ಬೆರೆಸುತ್ತಾರೆ. ಎರಡನೆಯವರು ಟೋಯಿನ್ ಓಜಿ ಓಡುಟೋಲ, ನೈಜೀರಿಯಾದಲ್ಲಿ 1985ರಲ್ಲಿ ಹುಟ್ಟಿದವರು. ಶುರುವಿನಲ್ಲಿ ಅವರು ಮೈಚರ್ಮವನ್ನು ಬಾಲ್‌ಪೆನ್ನಿನಿಂದಲೇ ಬರೆದರು. ಗೆರೆ ಮೇಲೆ ಗೆರೆ, ಹೆಣೆದ ಕೂದಲಿನ ಹಾಗೆ.

ಕಲ್ಲು ಸಿಕ್ಕಿದ್ದು ಬೇಲೂರಿನಲ್ಲಿ. ಹಾಸನದಿಂದ ಹತ್ತಿರ ಹತ್ತಿರ 40 ಕಿಲೋಮೀಟರ್. ಒಂದು ಮಂಗಳವಾರ ರಜೆ ಹಾಕಿ ಬಸ್ಸು ಹತ್ತಿದೆ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಜನ ಜಾಸ್ತಿ. ಸ್ಕೂಲ್ ಟ್ರಿಪ್ಪಿನಲ್ಲಿ ಬಂದಾಗ ಮದನಿಕೆಯರನ್ನು ಎಣಿಸಿ ಮುಗಿಸಿದ್ದೆವು. ಈ ಸಲ ನಾನು ಒಳಗೆ ನವರಂಗದ ಕಂಬಗಳ ಹತ್ತಿರ ನಿಂತುಬಿಟ್ಟೆ. ಅದು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆತ್ತಗಿರುತ್ತೆ, ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತೆ. ಕಡೆದು, ಉಜ್ಜಿ ಹೊಳಪು ಕೊಟ್ಟ ಕಂಬಗಳು. ಕತ್ತಲಲ್ಲಿ ಕಂಬದ ದುಂಡು ಕಾಣುತ್ತಿರಲಿಲ್ಲ. ಬಾಗಿಲಿನ ಬೆಳಕು ಬಿದ್ದ ಸಣ್ಣ ಸಣ್ಣ ಗೀಟುಗಳು ಮಾತ್ರ ಕಾಣುತ್ತಿದ್ದವು. ಆ ಗೀಟುಗಳಿಂದಲೇ ಇಡೀ ಕಂಬ ಕಣ್ಣಿಗೆ ಬರುತ್ತಿತ್ತು. ಹನ್ನೊಂದು ವರ್ಷ ಮುಖಗಳ ಜೊತೆ ಗುದ್ದಾಡಿದವನಿಗೆ ಆವತ್ತು ತಲೆಗೆ ಹೋಯಿತು. ಬೆಳ್ಳಗಿನ ಮುಖವನ್ನು ನೆರಳಿನಿಂದ ಬರೆಯಬೇಕು, ಕಪ್ಪು ಮುಖವನ್ನು ಹೊಳಪಿನಿಂದ. ಇನ್ನೊಂದು, ಆ ಹೊಳಪು ಬಿಳಿಯಲ್ಲ. ಎದುರಿಗೆ ಏನಿದೆಯೋ ಅದರ ಬಣ್ಣ. ಬಾಗಿಲಿನ ಕಡೆ ನೀಲಿ, ದೀಪದ ಕಡೆ ಹಳದಿ.

ಅಲ್ಲೇ ಇನ್ನೊಂದು ಕಂಬದಲ್ಲಿ ಮೋಹಿನಿ ನಿಂತಿದ್ದಾಳೆ. ವಿಷ್ಣು ಹೆಣ್ಣಾದ ರೂಪ. ಗೈಡು ಒಬ್ಬರು ಅದನ್ನು ತೋರಿಸಿ "ನೋಡಿ ಎಂಥಾ ಬ್ಯೂಟಿ" ಅನ್ನುತ್ತಿದ್ದರು. ನಾನು ಗರ್ಭಗುಡಿ ಬಾಗಿಲಿನ ದ್ವಾರಪಾಲಕರನ್ನು ನೋಡುತ್ತಿದ್ದೆ. ಜಯ, ವಿಜಯ. ಕಾವಲು ಕಾಯುವ ಗಟ್ಟಿ ಗಂಡಸರು. ಮೈಮೇಲೆ ಒಂದಿಂಚು ಖಾಲಿ ಜಾಗ ಇಲ್ಲ. ಸರ, ತೋಳಬಂದಿ, ಡಾಬು, ಕಾಲ್ಗಡಗ. ಮದನಿಕೆಯರಿಗೂ ಇವರಿಗೂ ಒಡವೆಯಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ ನನಗೆ.

ಮನೆಗೆ ಬಂದು ಮುಖ ಹೊಸದಾಗಿ ಶುರು ಮಾಡಿದೆ. ಅಡಿಪದರಕ್ಕೆ ಕಪ್ಪು, ಅಲ್ಟ್ರಾಮರೀನ್ ನೀಲಿ, ಒಂದು ಹನಿ ಕ್ರಿಮ್ಸನ್ ಕೆಂಪು. ಬಿಳಿ ಟ್ಯೂಬನ್ನು ಕಪಾಟಿನಲ್ಲಿ ಇಟ್ಟು ಬೀಗ ಹಾಕಿದೆ. ನಿಜವಾಗಲೂ ಬೀಗ. ಅಕ್ರಿಲಿಕ್ ಮೇಲೆ ಬಾಲ್‌ಪೆನ್ ಜಾರುತ್ತೆ, ಅದಕ್ಕೇ ಮೊದಲು ಮ್ಯಾಟ್ ಮೀಡಿಯಂ ಅನ್ನುವ ಹೊಳಪಿಲ್ಲದ ಲೇಪ ಒಂದು ಕೋಟು ಕೊಟ್ಟೆ. ಆಮೇಲೆ ಐದು ರೂಪಾಯಿಯ ನೀಲಿ ಪೆನ್ನು. ಹಣೆ, ಮೂಗಿನ ದಂಡೆ, ಕೆನ್ನೆಯ ಮೂಳೆ. ನೀಲಿ ಇಂಕನ್ನು ಒತ್ತಿ ಒತ್ತಿ ಗೀಚಿದರೆ ಒಂದು ಮ್ಯಾಜಿಕ್ ಇದೆ. ಎದುರಿನಿಂದ ನೀಲಿ, ಓರೆಯಿಂದ ನೋಡಿದರೆ ತಾಮ್ರ. ಸ್ಕೂಲಿನ ಡೆಸ್ಕಿನ ಮೇಲೆ ಗೀಚಿದವರಿಗೆಲ್ಲ ಗೊತ್ತಿರುತ್ತೆ. ಆಶ್ವಯುಜದಲ್ಲಿ ಊರೆಲ್ಲ ಹಾಸನಾಂಬೆಯ ಕ್ಯೂನಲ್ಲಿ ನಿಂತಿದ್ದಾಗ ನಾನು ಬಾಗಿಲು ಹಾಕಿಕೊಂಡು ನನ್ನ ಮೂಗು ಗೀಚುತ್ತಿದ್ದೆ. ಹದಿನಾಲ್ಕು ಪೆನ್ನು ಖಾಲಿಯಾದವು. ಬಾಲ್‌ಪೆನ್ ಇಂಕು ಬಿಸಿಲಿಗೆ ಮಾಸುತ್ತೆ, ಹಾಗಾಗಿ ಚಿತ್ರ ಈಗಲೂ ಕಿಟಕಿಗೆ ಬೆನ್ನು ಹಾಕಿಯೇ ಇರುವುದು.

ಈಗ ಚಮಕಿಗೆ ಬರುತ್ತೇನೆ.

ನಮ್ಮಪ್ಪ ಆಲೂಗಡ್ಡೆ ಬೆಳೆಯುವವರು. ಅದು ಹಗಲು. ರಾತ್ರಿ ಹೊತ್ತು, ವರ್ಷಕ್ಕೊಂದು ಸಲ, ದುರ್ಯೋಧನ. ನಮ್ಮ ಕಡೆ ಊರೂರಲ್ಲೂ ಕುರುಕ್ಷೇತ್ರ ನಾಟಕ ಆಡುತ್ತಾರೆ, ಬೆಳಗಾಗುವ ತನಕ. ಪಾತ್ರಕ್ಕೆ ದುಡ್ಡು ಕೊಡುವವನು ನಟನೇ. ನಮ್ಮೂರಲ್ಲಿ ಎಲ್ಲಕ್ಕಿಂತ ಜಾಸ್ತಿ ರೇಟು ದುರ್ಯೋಧನನಿಗೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಬಂದು ಮಟ್ಟು ಕಲಿಸುತ್ತಾರೆ. ಸ್ತ್ರೀಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರು ಬರುತ್ತಾರೆ. ಡ್ರೆಸ್ಸು ಬಾಡಿಗೆಗೆ. ಆದರೆ ಅಪ್ಪನಿಗೆ ಹುಚ್ಚು ಎಷ್ಟಿತ್ತು ಅಂದರೆ ಒಂದು ವರ್ಷ ಆಲೂಗಡ್ಡೆಗೆ ರೇಟು ಬಂದಾಗ ಸ್ವಂತಕ್ಕೆ ಒಂದು ಜೊತೆ ಭುಜಕೀರ್ತಿ ಮಾಡಿಸಿಕೊಂಡರು. ಕೆಂಪು ವೆಲ್ವೆಟ್ಟು, ಅದರ ಮೇಲೆ ಜರಿ, ಮಣಿ, ಚಮಕಿ.

ಗ್ರೀನ್ ರೂಂ ಅಂದರೆ ಸ್ಕೂಲಿನ ಮೂರನೇ ಕ್ಲಾಸು. ಅಲ್ಲಿ ನನಗೆ ಹೂಜಿ ಹಿಡಿದು ನಿಲ್ಲುವ ಕೆಲಸ. ಅಪ್ಪ ಬರೀ ಬನಿಯನ್ನಿನಲ್ಲಿ ಬೆಂಚಿನ ಮೇಲೆ ಕೂತಿರುತ್ತಿದ್ದರು. ಅವರ ಸ್ನೇಹಿತರೊಬ್ಬರು, ಹಗಲಲ್ಲಿ ಟ್ರ್ಯಾಕ್ಟರ್ ಓಡಿಸುವವರು, ಅಪ್ಪನ ಗಲ್ಲ ಹಿಡಿದು ಮುಖ ಮೇಲೆತ್ತಿ ತುಟಿಗೆ ಕೆಂಪು ಹಚ್ಚುತ್ತಿದ್ದರು. "ಅಲ್ಲಾಡಬ್ಯಾಡ ಕಣ್ಲಾ" ಅನ್ನುತ್ತಾ. ಕೆನ್ನೆಗೆ ಗುಲಾಬಿ. ಕಣ್ಣಿಗೆ ಕಾಡಿಗೆ. ಬೆನ್ನ ಹಿಂದೆ ಇನ್ನೊಬ್ಬರು ಭುಜಕೀರ್ತಿಯ ದಾರ ಬಿಗಿಯುತ್ತಿದ್ದರು. ಊರಿನ ಅತಿ ದೊಡ್ಡ ಗಂಡಸು ಆಗುವುದಕ್ಕೆ ಅಪ್ಪ ಅಷ್ಟೊಂದು ಚಮಕಿ ಹಾಕಿಕೊಳ್ಳಬೇಕಿತ್ತು. ಯಾರೂ ನಗುತ್ತಿರಲಿಲ್ಲ. ಅದೇ ಜನ, ನಾನು ಗಣೇಶನ ಹಬ್ಬದಲ್ಲಿ ಉಗುರಿಗೆ ಬಣ್ಣ ಹಾಕಿಕೊಂಡಿದ್ದಕ್ಕೆ ಮೂರು ದಿನ ನಕ್ಕಿದ್ದರು. ನನ್ನ ಚಿತ್ರ ಏನು ಹೇಳಬೇಕು ಅಂತ ಆ ಹಳೇ ಬೆಂಚು ನೆನಪಾದಾಗಲೇ ಗೊತ್ತಾದದ್ದು.

ಬಣ್ಣದ ವಿಷಯಕ್ಕೂ ಆ ಕೋಣೆಯಲ್ಲಿ ನ್ಯಾಯ ಇರಲಿಲ್ಲ ಅನ್ನಿ. ಎಲ್ಲರ ಮುಖಕ್ಕೂ ಮೊದಲು ಗುಲಾಬಿ ಬಿಳಿ ಮೆತ್ತುತ್ತಿದ್ದರು. ಕೃಷ್ಣ ಅಂದರೆ ಕಪ್ಪು ಅಂತಲೇ ಅರ್ಥ. ಅವನಿಗೂ ನೀಲಿ. ನಮ್ಮೂರ ಕೃಷ್ಣ ಪಾತ್ರಧಾರಿಗೆ ಬಣ್ಣವೇ ಬೇಕಿರಲಿಲ್ಲ, ನನ್ನಷ್ಟೇ ಕಪ್ಪಿದ್ದರು. ನಾನು ಈಗ ಸ್ಟುಡಿಯೋದಲ್ಲಿ ಮಾಡುವುದನ್ನೇ ಆ ಮೇಕಪ್ಪಿನವರು ಬ್ರಷ್ಷಿನಲ್ಲಿ ಮಾಡುತ್ತಿದ್ದರು.

ಅಮ್ಮನಿಗೆ ಫೋನ್ ಮಾಡಿ ಭುಜಕೀರ್ತಿ ಬೇಕು ಅಂದೆ. ಅಪ್ಪ ಮಂಡಿ ನೋವಿಗೆ ನಾಟಕ ಬಿಟ್ಟು ಆರು ವರ್ಷವಾಗಿತ್ತು. ಅಮ್ಮ ಟ್ರಂಕಿನಿಂದ ತೆಗೆದು, ಸೊಪ್ಪಿನ ಚೀಲದಲ್ಲಿ ಹಾಕಿ ಬಸ್ಸಿಗೆ ಕೊಟ್ಟು ಕಳಿಸಿದಳು. ಒಂದೇ ಬಂತು. ಇನ್ನೊಂದನ್ನು ಇಲಿ ತಿಂದಿತ್ತಂತೆ. ಅಪ್ಪನಿಗೆ ಹೇಳಿದೆಯಾ ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅದನ್ನು ಹಾಗೇ ಹಲಗೆಗೆ ಅಂಟಿಸಿದೆ. ಹಾಕಿಕೊಂಡರೆ ಎಲ್ಲಿ ಕೂರುತ್ತೆ ಅಂತ ಕನ್ನಡಿ ಮುಂದೆ ನಿಂತು ನೋಡಿಕೊಂಡು, ಅದೇ ಜಾಗಕ್ಕೆ. ಎದೆಯ ಮೇಲಿನ ಹಾರವನ್ನು ಮೈಸೂರು ಶೈಲಿಯ ಚಿತ್ರದವರು ಮಾಡುವ ಹಾಗೆ ಗೆಸ್ಸೋ ಪೇಸ್ಟಿನಲ್ಲಿ ತೆಳ್ಳಗೆ ಉಬ್ಬಿಸಿದೆ. ತಂಜಾವೂರಿನವರು ದಪ್ಪ ಉಬ್ಬಿಸುತ್ತಾರೆ, ನನಗೆ ಮೈಸೂರಿನ ನಾಜೂಕೇ ಇಷ್ಟ. ಅದರ ಮೇಲೆ ಚಮಕಿ, ಒಂದೊಂದಾಗಿ, ಚಿಮುಟದಲ್ಲಿ ಹಿಡಿದು. ಮೊದಲು ಫೆವಿಕಾಲ್ ಜಾಸ್ತಿ ಹಾಕಿ ಚಮಕಿಯ ಹೊಳಪೇ ಮಂಕಾಯಿತು. ಸೂಜಿಯ ತುದಿಯಷ್ಟು ಅಂಟು ಸಾಕು ಅಂತ ಕಲಿಯಲು ಇನ್ನೂರು ಚಮಕಿ ಹಾಳಾದವು. ಇದೆಲ್ಲ ವಿದೇಶದ ವಿದ್ಯೆ ಅಂತ ಅಂದುಕೊಳ್ಳಬೇಡಿ. ನಮ್ಮಜ್ಜಿ ಮನೆಯ ರವಿವರ್ಮನ ಲಕ್ಷ್ಮಿ ಪಟದಲ್ಲಿ ದೇವಿಯ ಸೀರೆಗೆ ಯಾರೋ ನಿಜವಾದ ಜರಿ, ಚಮಕಿ ಹೊಲಿದಿದ್ದರು. ಬರೋಡಾದ ಕಲಾವಿದ ಭೂಪೇನ್ ಖಖ್ಖರ್ ಕೂಡ 1960ರ ದಶಕದಲ್ಲಿ ದೇವರ ಪಟಗಳನ್ನು ಕತ್ತರಿಸಿ ಅಂಟಿಸಿಯೇ ಶುರು ಮಾಡಿದ್ದು. ಹಗಲು ಲೆಕ್ಕಪತ್ರ ಬರೆಯುತ್ತಿದ್ದ ಮನುಷ್ಯ, ಆಮೇಲೆ ಗಂಡಸರ ಪ್ರೀತಿಯನ್ನು ನಮ್ಮ ದೇಶದಲ್ಲಿ ಅಷ್ಟು ಬಿಚ್ಚುಮನಸ್ಸಿನಿಂದ ಬರೆದವರು. ಸ್ಟುಡಿಯೋದಲ್ಲಿ ಕೂತು ಬೇಜಾರಾದಾಗ ನನಗೆ ಅವರ ಲೆಕ್ಕದ ಪುಸ್ತಕ ನೆನಪಾಗುತ್ತೆ.

ಕೈ ಉಳಿದಿತ್ತು. ಅವನ ಕೈ. ನನ್ನ ಭುಜದ ಹಿಂದಿನಿಂದ ಬಂದು ಭುಜಕೀರ್ತಿಯ ದಾರ ಬಿಗಿಯುವ ಕೈ, ಗ್ರೀನ್ ರೂಮಿನಲ್ಲಿ ಇದ್ದ ಹಾಗೆ. ಇದನ್ನು ಬರೆಯಬಾರದು, ಫೋಟೋನೇ ಇರಬೇಕು ಅಂತ ನನ್ನ ಹಟ. ಲೇಸರ್ ಪ್ರಿಂಟ್ ತೆಗೆದು, ಹಲಗೆಗೆ ಅಕ್ರಿಲಿಕ್ ಜೆಲ್ ಬಳಿದು, ಪ್ರಿಂಟನ್ನು ಬೋರಲು ಹಾಕಿ ಒಂದು ರಾತ್ರಿ ಬಿಟ್ಟೆ. ಬೆಳಗ್ಗೆ ನೀರು ಹಚ್ಚಿ ಬೆರಳಲ್ಲಿ ಉಜ್ಜುತ್ತಾ ಹೋದರೆ ಕಾಗದ ಮುದ್ದೆಯಾಗಿ ಬರುತ್ತೆ, ಮಸಿ ಹಲಗೆಯಲ್ಲೇ ಉಳಿಯುತ್ತೆ. ಜಾಸ್ತಿ ಉಜ್ಜಿದರೆ ಮಸಿಯೂ ಹೋಗುತ್ತೆ. ಎರಡು ಗಂಟೆ ಉಸಿರು ಬಿಗಿಹಿಡಿದು ಉಜ್ಜಿದೆ. ಒಂದೊಂದೇ ಗೆಣ್ಣು ಎದ್ದು ಬಂತು. ಬಂದ ಮೇಲೆ ನೋಡಿದರೆ ಹೆಬ್ಬೆರಳು ಆ ಕಡೆ ಇದೆ! ಬೋರಲು ಹಾಕಿದರೆ ಚಿತ್ರ ಎಡ ಬಲ ತಿರುಗುತ್ತೆ, ಪ್ರಿಂಟ್ ತೆಗೆಯುವ ಮೊದಲೇ ತಿರುಗಿಸಿಕೊಳ್ಳಬೇಕು. ದಿನಾ ಫೋಟೋಶಾಪ್ ಮಾಡುವವನು ನಾನು. ಯಾರಿಗೂ ಹೇಳಲಿಲ್ಲ. ಕೆರೆದು ತೆಗೆದು ಮತ್ತೆ ಮಾಡಿದೆ. ಎರಡನೇ ಸಲ ತೋರುಬೆರಳಿನ ಹತ್ತಿರ ಸ್ವಲ್ಪ ಮಸಿ ಕಿತ್ತು ಹಿಂದಿನ ವೆಲ್ವೆಟ್ ಬಣ್ಣ ಕಾಣುತ್ತಿದೆ. ಬಿಟ್ಟೆ. ಅವನಿಗೆ ಅದೇ ಇಷ್ಟವಾಯಿತು.

ಹಿನ್ನೆಲೆಗೆ ಹೂವು. ಅಮೆರಿಕದ ಕಲಾವಿದ ಕೆಹಿಂಡೆ ವೈಲಿ 2018ರಲ್ಲಿ ಒಬಾಮ ಚಿತ್ರ ಬರೆದಾಗ ಹಿಂದೆ ಶಿಕಾಗೋದ ಸೇವಂತಿಗೆ, ಹವಾಯಿಯ ಮಲ್ಲಿಗೆ, ಕೀನ್ಯಾದ ನೀಲಿ ಲಿಲಿ ಹಾಕಿದ್ದರು, ಒಬಾಮರ ಬದುಕಿನ ಊರುಗಳ ಲೆಕ್ಕದಲ್ಲಿ. ನಾನು ಆಲೂಗಡ್ಡೆ ಹೂವು ಬರೆದೆ. ಬಿಳಿ ಹೂವು, ನಡುವೆ ಹಳದಿ. ಬೀಗ ಹಾಕಿದ್ದ ಬಿಳಿ ಟ್ಯೂಬು ಹೊರಗೆ ಬಂದದ್ದು ಅದಕ್ಕೊಂದಕ್ಕೇ. ಬಿತ್ತನೆ ಗಡ್ಡೆ ಬರುವುದು ಜಲಂಧರ್‌ನಿಂದ, ಗಿಡದ ಮೂಲ ದಕ್ಷಿಣ ಅಮೆರಿಕ. ಆದರೂ ಹಾಸನದ ಆಲೂಗಡ್ಡೆ ಅಂತ ನಾವು ಎದೆ ತಟ್ಟಿಕೊಳ್ಳುತ್ತೇವೆ.

ಮೇ ತಿಂಗಳಲ್ಲಿ ಅಪ್ಪ ಬಿತ್ತನೆ ಗಡ್ಡೆಗೆ ಅಂತ ಎಪಿಎಂಸಿಗೆ ಬಂದವರು, ಹೇಳದೆ ಕೇಳದೆ ನನ್ನ ರೂಮಿಗೆ ಬಂದರು. ನಾನು ಚಿತ್ರಕ್ಕೆ ಬೆಡ್‌ಶೀಟ್ ಮುಚ್ಚುವಷ್ಟರಲ್ಲಿ ಅವರು ಒಳಗಿದ್ದರು. ಟವೆಲ್ಲಿನಿಂದ ಮುಖ ಒರೆಸಿಕೊಂಡು, ಮಂಡಿ ಹಿಡಿದುಕೊಂಡು ಮಂಚದ ಮೇಲೆ ಕೂತರು. ನಾನು ಕಾಫಿ ಇಡುತ್ತೇನೆ ಅಂತ ಸ್ಟವ್ ಹತ್ತಿರ ಹೋಗಿ ಬೆನ್ನು ಹಾಕಿ ನಿಂತೆ. ಹಾಲು ಉಕ್ಕಿತು. ಒರೆಸಿದೆ.

"ಕೈ ಯಾರ್ದು?" ಅಂದರು.

"ಒಬ್ಬ ಫ್ರೆಂಡು."

ಅಪ್ಪ ಎದ್ದು ಹಲಗೆಯ ಹತ್ತಿರ ಹೋದರು. ಮುಖದ ಮೇಲಿನ ನೀಲಿ ಗೆರೆಗಳನ್ನು ಓರೆಯಾಗಿ ನೋಡಿದರು. ಆ ಕೈಯನ್ನು ನೋಡಿದರು, ನನಗೆ ಅನ್ನಿಸಿದ್ದಕ್ಕಿಂತ ಜಾಸ್ತಿ ಹೊತ್ತು. ಆಮೇಲೆ ವೆಲ್ವೆಟ್ಟಿನ ಅಂಚನ್ನು ಎರಡು ಬೆರಳಲ್ಲಿ ಸವರಿದರು, ಬಟ್ಟೆ ಅಂಗಡಿಯಲ್ಲಿ ಪಂಚೆ ನೋಡುವ ಹಾಗೆ.

"ಇದು ಎಡಗಡೆದು ಕಣ್ಲಾ. ಬಲಗಡೆಗೆ ಹಾಕಿದ್ದೀಯ."

ನೋಡಿದೆ. ಹೌದು. ಕನ್ನಡಿಯ ಕೆಲಸ. ಅಂಟು ಒಣಗಿ ಆಗಲೇ ನಾಲ್ಕು ತಿಂಗಳಾಗಿತ್ತು.